"ಇದರಾಗ ಏನೇನ್ ಹಾಕೀರಿ ಅಕ್ಕಾ?"

ಮಂಗಳವಾರ ಬೆಳಗ್ಗೆಯಿಂದ ಈ ಮಾತು ಕಿವಿಯಲ್ಲೇ ಉಳಿದಿದೆ. ಕೇಳಿದವರು ನಮ್ಮ ಓಣಿಗೆ ಕಸದ ಗಾಡಿ ಜೊತೆ ಬರುವ ಕಾಕು. ಗೇಟಿನ ಹತ್ತಿರ ನಾನು ಮೂರು ದೊಡ್ಡ ಚೀಲ ಇಟ್ಟಿದ್ದೆ. ಎರಡನ್ನು ಎತ್ತಿ ಗಾಡಿಗೆ ಹಾಕಿದರು. ಮೂರನೆಯದರ ಮುಂದೆ ನಿಂತು ಕೇಳಿದರು.

"ಏನಿಲ್ಲ ಕಾಕು, ಸುಮ್ನ ಹಳಿ ಸಾಮಾನ" ಅಂದೆ.

ಅವರು ಚೀಲ ಮುಟ್ಟಲಿಲ್ಲ. ಬದಿಗೆ ಬೆರಳು ತೋರಿಸಿದರು. ತೆಳು ಪ್ಲಾಸ್ಟಿಕ್ ಹರಿದು ಒಂದು ಸೂಜಿಯ ತುದಿ ಹೊರಗೆ ಬಂದಿತ್ತು.

ಘಟಸ್ಥಾಪನೆಗೆ ಮೊದಲು ನಮ್ಮ ಕಲಬುರಗಿ ಮನೆಗಳಲ್ಲಿ ಎಷ್ಟು ಕೆಲಸ ಅಂತ ಹೇಳಬೇಕಾಗಿಲ್ಲ. ಕೌದಿಗಳನ್ನೆಲ್ಲ ಒಗೆಯಬೇಕು, ಭಾಂಡೆಗಳನ್ನೆಲ್ಲ ಇಳಿಸಿ ಬೆಳಗಬೇಕು. ಈ ಸಲ ಅದರ ಜೊತೆ ಅಪ್ಪಾಜಿಯ ಕೋಣೆಯನ್ನೂ ತೆಗೆದೆ. ಅವರು ಹೋಗಿ 14 ತಿಂಗಳಾಯಿತು. ಬಾಗಿಲು ತೆರೆಯಲು ಮನಸ್ಸೇ ಬಂದಿರಲಿಲ್ಲ.

ಕೆಲವು ಸಾಮಾನಿಗೆ ಸುಲಭವಾಗಿ ದಾರಿ ಸಿಕ್ಕಿತು. ಧೋತರಗಳು ಮತ್ತು ಅವ್ವನ ಹಳೆ ಸೀರೆಗಳು ಕೌದಿ ಹೊಲಿಯುವವರ ಮನೆಗೆ ಹೋದವು. ಆಯೇರಿಗೆ ಬಂದ ಸ್ಟೀಲ್ ಭಾಂಡೆಗಳ ಮೇಲೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಅವುಗಳನ್ನು ದಾಸೋಹದ ಅಡುಗೆಗೆ ಕೊಟ್ಟೆವು. ರದ್ದಿ ಪೇಪರ್, ಕಬ್ಬಿಣದ ಮಂಚ ಭಂಗಾರದವರು, ಅಂದರೆ ಗುಜರಿಯವರು, ಒಯ್ದರು. ಡಬ್ಬಾ ಟಿವಿ ಮಾತ್ರ ನಾನೇ ಕೊಡಲಿಲ್ಲ. ಒಡೆದು ತಾಮ್ರ ತೆಗೆದುಕೊಳ್ತೀನಿ, ಗಾಜು ಯಾರೂ ಕೊಳ್ಳಲ್ಲ ಅಂತ ಆತ ಮುಚ್ಚುಮರೆಯಿಲ್ಲದೆ ಹೇಳಿದ. ಆ ಗಾಜಿನಲ್ಲಿ ಸೀಸ ಇರುತ್ತದೆ. ಒಡೆದು ಎಲ್ಲೋ ಹೊಲದ ಬದಿಗೆ ಸುರಿದರೆ ಅದು ಎರೆಮಣ್ಣಿಗೇ ಸೇರುತ್ತದೆ ಅಲ್ವಾ? ಟಿವಿ ಈಗಲೂ ಮೆಟ್ಟಿಲ ಕೆಳಗಿದೆ. ನನ್ನ ಮೈದುನ, "ರಾತ್ರಿ ರಿಂಗ್ ರೋಡ್ ಕಡಿ ಒಗದ್ ಬರ್ತೀನಿ ವೈನಿ, ಯಾರ್ ನೋಡ್ತಾರ?" ಅಂದ. ಒಳ್ಳೆಯ ಹುಡುಗ, ಕರೆದರೆ ಅರ್ಧ ರಾತ್ರಿಗೂ ಓಡಿ ಬರುತ್ತಾನೆ. ಆದರೆ ಮನೆಯ ಗೇಟು ದಾಟಿದರೆ ಊರೇ ಅವನಿಗೆ ತಿಪ್ಪೆ. ಇದು ನನಗೆ ಸೇರುವುದಿಲ್ಲ, ಅವನ ಮುಂದೆಯೇ ಹೇಳಿದೆ.

ಅವನಿಗೆ ಹಾಗೆ ಹೇಳಿದ ನಾನೇ ಮಾರನೇ ದಿನ ಆ ಮೂರನೇ ಚೀಲ ತುಂಬಿದೆ.

ಅಪ್ಪಾಜಿ 11 ವರ್ಷ ಇನ್ಸುಲಿನ್ ತಗೊಂಡರು. ಬಳಸಿದ ಸೂಜಿಗಳನ್ನು ಅವರು ಒಂದು ದಿನವೂ ಕಸದ ಬುಟ್ಟಿಗೆ ಹಾಕಲಿಲ್ಲ. ತಗಡಿನ ಬಿಸ್ಕೆಟ್ ಡಬ್ಬಿಯೊಂದರಲ್ಲಿ ಹಾಕಿ, ಮುಚ್ಚಳ ಒತ್ತಿ, ಮಂಚದ ಕೆಳಗೆ ಗೋಡೆಗೆ ತಾಗಿಸಿ ಇಡುತ್ತಿದ್ದರು. ಡಬ್ಬಿ ತುಂಬಿದಾಗ ತಾವೇ ದವಾಖಾನೆಗೆ ಒಯ್ದು ಕೊಟ್ಟು ಬರುತ್ತಿದ್ದರು. ಕೊನೆಯ ಡಬ್ಬಿ ಅಲ್ಲೇ ಉಳಿದಿತ್ತು. ಡಬ್ಬಿ ಚೆನ್ನಾಗಿದೆ, ಚಕ್ಕಲಿ ಇಡೋಕೆ ಬರುತ್ತದೆ ಅನ್ನಿಸಿತು. ಸೂಜಿಗಳನ್ನು ಚೀಲಕ್ಕೆ ಸುರಿದೆ. ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಚೀಲದಲ್ಲಿ ಸೂಜಿಗಳ ಮೇಲೆಯೇ ಅಪ್ಪಾಜಿಯ ಅವಧಿ ಮುಗಿದ ಮಾತ್ರೆಗಳು, ಎರಡು ಸಿಎಫ್‌ಎಲ್ ಬಲ್ಬು, ರಿಮೋಟಿನ ಸೆಲ್ಲುಗಳನ್ನೂ ಹಾಕಿದೆ. ಹಾಕುವಾಗ ಒಂದು ಕ್ಷಣವೂ ಕೈ ತಡೆಯಲಿಲ್ಲ.

ಗೇಟಿನ ಹತ್ತಿರ ಕಾಕು ಹೇಳಿದ್ದಿಷ್ಟು. "ಹೋದ್ ವರ್ಷ ಒಂದ್ ಸೂಜಿ ಚುಚ್ಚಿತ್ತು ಅಕ್ಕಾ. ಯಾರ ಮನೀದು ಅಂತ ಗೊತ್ತಿಲ್ಲ. ಆರ್ ತಿಂಗ್ಳ ದವಾಖಾನಿಗಿ ತಿರಗೀನಿ, ರಕ್ತ ಕೊಟ್ಟು ಕೊಟ್ಟು. ಕಡೀಗಿ ಏನಿಲ್ಲ ಅಂದ್ರು. ಆದ್ರ ಆ ಆರ್ ತಿಂಗ್ಳ ಮೊಮ್ಮಗಳಿಗಿ ಕೈತುತ್ತ ಹಾಕ್ಲಿಲ್ಲ ನಾ."

ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ನಾಲ್ಕು ಮನೆ ಆಚೆ ಗಾಡಿ ಹಾರ್ನ್ ಹೊಡೆಯುತ್ತಿತ್ತು, ಹೋಗಿಬಿಟ್ಟರು.

ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ, ಯಕೃತ್ತಿಗೆ ತಾಗುವ ಹೆಪಟೈಟಿಸ್ ಬಿ ಬಂದೀತೇ ಅಂತ ರಕ್ತ ನೋಡುತ್ತಾರೆ. ಆದರೆ ಕೈತುತ್ತಿನಿಂದ ಅವೆರಡೂ ಹರಡುವುದಿಲ್ಲ. ಅಷ್ಟು ಸಲ ರಕ್ತ ತೆಗೆದರೂ ಈ ಒಂದು ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಆಗ ಹೇಳಲಿಲ್ಲ, ಬಾಯಿ ಕಟ್ಟಿತ್ತು. ನಮ್ಮ ಸೂಜಿ ವರ್ಷ ದಾಟಿದ್ದು, ಅದರಿಂದ ರೋಗ ಬರುವುದಿಲ್ಲ ಅಂತ ಒಳಗೆ ಬಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು, 14 ತಿಂಗಳಲ್ಲ. ಆದರೆ ಚುಚ್ಚಿಸಿಕೊಂಡವರಿಗೆ ಇದು ಹೇಗೆ ಗೊತ್ತಾಗಬೇಕು? ಸೂಜಿಯ ಮೇಲೆ ತಾರೀಖು ಇರುತ್ತದೆಯೇ, ಹೆಸರು ಇರುತ್ತದೆಯೇ? ಅವರು ಮತ್ತೆ ಆರು ತಿಂಗಳು ತಿರುಗಬೇಕಾಗುತ್ತಿತ್ತು. ಆ ಮಗು ಮತ್ತೆ ಆರು ತಿಂಗಳು ಅಜ್ಜಿಯ ಕೈತುತ್ತಿಗೆ ಕಾಯಬೇಕಾಗುತ್ತಿತ್ತು.

ಅವತ್ತು ಮಧ್ಯಾಹ್ನ ಚೀಲವನ್ನು ಅಂಗಳದಲ್ಲಿ ಇಕ್ಕಳ ಹಿಡಿದು ಬಿಚ್ಚಿದೆ. ಬಲ್ಬುಗಳು ಒಡೆದಿರಲಿಲ್ಲ, ಪುಣ್ಯ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಸಬರಿಗೆಯಿಂದ ಗುಡಿಸಬಾರದು. ಕಿಟಕಿ ತೆರೆದು ಕಾಲು ಗಂಟೆ ಹೊರಗಿದ್ದು, ಆಮೇಲೆ ರಟ್ಟಿನಿಂದ ಚೂರು ಎತ್ತಿ ಮುಚ್ಚಳದ ಬಾಟಲಿಗೆ ಹಾಕಬೇಕು. ನಮ್ಮ ಮನೆಗಳಲ್ಲಿ ಮೊದಲು ಎತ್ತುವುದೇ ಕಸಬರಿಗೆ. ಮಾತ್ರೆಗಳನ್ನು ಬಚ್ಚಲಿಗೆ ಸುರಿಯಲೂ ಮನಸ್ಸು ಬರಲಿಲ್ಲ. ಅದರಲ್ಲಿ ಆ್ಯಂಟಿಬಯಾಟಿಕ್ ಇದ್ದವು. ಅವು ನೀರಿಗೆ ಸೇರುತ್ತಾ ಹೋದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ.

ಸೂಜಿ, ಹಳೆ ಔಷಧ, ಟ್ಯೂಬ್‌ಲೈಟು, ಸೆಲ್ಲು, ಪೇಂಟಿನ ಡಬ್ಬಿ, ಇವೆಲ್ಲ ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ, ಮನೆಯ ಅಪಾಯಕಾರಿ ಕಸ ಅಂತ ಬೇರೆಯೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಅಪ್ಪಾಜಿ ಆ ನಿಯಮ ಓದಿರಲಿಲ್ಲ. ಚುಚ್ಚೀತು ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು. ನಾನು ಡಿಗ್ರಿ ಓದಿದವಳು, ಡಬ್ಬಿ ಉಳಿಸಿಕೊಂಡೆ.

ಸೂಜಿಗಳೆಲ್ಲ ಮತ್ತೆ ಅದೇ ಡಬ್ಬಿಗೆ ಹೋದವು. ಮುಚ್ಚಳಕ್ಕೆ ಮೂರು ಸುತ್ತು ಟೇಪ್ ಹಾಕಿ, ಮೇಲೆ ಕೆಂಪು ಮಾರ್ಕರಿನಲ್ಲಿ "ಸೂಜಿ" ಎಂದು ದೊಡ್ಡದಾಗಿ ಬರೆದೆ. ಬಲ್ಬುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೂ ಬರೆದೆ. ಮಾತ್ರೆ, ಸೆಲ್ಲುಗಳಿಗೂ ಬೇರೆ ಬೇರೆ ಪೊಟ್ಟಣ, ಬೇರೆ ಬೇರೆ ಚೀಟಿ.

ಇವತ್ತು ಬೆಳಗ್ಗೆ ಗೇಟಿನಲ್ಲೇ ಕಾಯುತ್ತಾ ನಿಂತೆ. ಮೊದಲು ಕೈತುತ್ತಿನ ಮಾತು ಹೇಳಿದೆ. ಅದರಿಂದ ಏನೂ ಆಗಲ್ಲ ಕಾಕು, ಡಾಕ್ಟರೇ ಹೇಳ್ತಾರ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಖರೇನಾ?" ಅಂದರು. "ಖರೇ" ಅಂದೆ.

ಆಮೇಲೆ ಡಬ್ಬಿ ಕೊಟ್ಟೆ. ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು.

"ಏನ್ ಬರ್ದೀರಿ? ನನಗ ಓದ್ಲಾಕ ಬರಲ್ಲ ಅಕ್ಕಾ. ಬಾಯೀಲೆ ಹೇಳ್ರಿ, ಸಾಕು."

"ಇದರಾಗ ಸೂಜಿ ಅವ ಕಾಕು. ಇದರಾಗ ಎರಡ್ ಬಲ್ಬ್, ಒಡ್ದಿಲ್ಲ. ಈ ಪೊಟ್ಟಣದಾಗ ಗುಳಿಗಿ, ಇದರಾಗ ಸೆಲ್ಲು."

ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಚ್ಚಳ ಎಳೆದು ನೋಡಿದರು. ಡ್ರೈವರಿನ ಸೀಟಿನ ಹಿಂದೆ ತೂಗುಹಾಕಿದ್ದ ಬೇರೆ ಚೀಲಕ್ಕೆ ನಾಲ್ಕನ್ನೂ ಒಂದೊಂದಾಗಿ ಇಳಿಸಿ, ಪಕ್ಕದ ಮನೆಯ ಗೇಟಿಗೆ ಹೋದರು.

"ಇದರಾಗ ಏನೇನ್ ಹಾಕೀರಿ ಅಕ್ಕಾ?" ಅಂತ ಅಲ್ಲಿ ಕೇಳುವುದು ನನಗೆ ಕೇಳಿಸಿತು.