ಮುಟ್ಟು ನಿಂತ ಮೇಲಿನ ಯೋನಿ ಉರಿ: ಈಸ್ಟ್ರೊಜೆನ್ ಕ್ರೀಮ್ ಬಳಸುವ ಬಗೆ

ಮೈ ಬಿಸಿಯೇರುವುದು, ಬೆವರುವುದು ಬಹಳಷ್ಟು ಜನರಿಗೆ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತದೆ. ಯೋನಿ ಒಣಗುವುದು, ಉರಿ, ಗಂಡನ ಜೊತೆ ಕೂಡುವಾಗಿನ ನೋವು ಹಾಗಲ್ಲ, ಸುಮ್ಮನೆ ಬಿಟ್ಟರೆ ಹೆಚ್ಚುತ್ತಲೇ ಹೋಗಬಹುದು. ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಸೋಂಕು ತಡೆಯುವ ಹುಳಿತನವೂ ಹೋಗುತ್ತದೆ. ಪದೇ ಪದೇ ಉರಿಮೂತ್ರವಾಗಿ ಆಂಟಿಬಯಾಟಿಕ್ ನುಂಗುತ್ತಿರುವವರು ಈ ಕಾರಣವನ್ನೂ ವೈದ್ಯರ ಬಳಿ ಕೇಳಬೇಕು.

ಎಸ್ಟ್ರಿಯಾಲ್ (ಈಸ್ಟ್ರೊಜೆನ್‌ನ ಒಂದು ಬಗೆ) ಕ್ರೀಮ್ ಗ್ರಾಂಗೆ 1 ಮಿಲಿಗ್ರಾಂ ಇರುವಂಥದ್ದಾದರೆ, ಸಾಮಾನ್ಯ ಅಳತೆ ರಾತ್ರಿ ಅರ್ಧ ಗ್ರಾಂ: ಮೊದಲ 2–3 ವಾರ ದಿನವೂ, ಆಮೇಲೆ ವಾರಕ್ಕೆ 2 ಸಲ. ಟ್ಯೂಬಿನ ಬಾಯಿಗೆ ಅಪ್ಲಿಕೇಟರ್ (ಕ್ರೀಮ್ ಒಳಗಿಡುವ ಕೊಳವೆ) ತಿರುಗಿಸಿ ಕೂರಿಸಿ, ಗುರುತಿನವರೆಗೆ ಮಾತ್ರ ತುಂಬಿಸಿ. ಅಂಗಾತ ಮಲಗಿ ಮೊಣಕಾಲು ಮಡಚಿ, ಬೆನ್ನಿನ ಕಡೆಗೆ ಓರೆಯಾಗಿ ಮೆಲ್ಲಗೆ ಒಳಗಿಟ್ಟು ಒತ್ತಬೇಕು. ಆಮೇಲೆ ಬಿಡಿಸಿ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆಯಿರಿ, ಕುದಿಸಬೇಡಿ. ಅಪ್ಲಿಕೇಟರ್ ಹಾಕುವುದೇ ನೋವಾದರೆ ಬೆರಳಲ್ಲಿ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿ.

ಹೆಚ್ಚಿನವರು ಸೋಲುವುದು ಅವಸರದಲ್ಲಿ. ಮೊದಲ ದಿನಗಳಲ್ಲಿ ಕ್ರೀಮೇ ಸ್ವಲ್ಪ ಉರಿಸಬಹುದು, ತೆಳುವಾದ ಚರ್ಮ ಅದು. ಪೂರ್ತಿ ಗುಣ ಕಾಣಲು 12 ವಾರವೂ ಹಿಡಿದೀತು. ಆರಾಮಾಯಿತೆಂದು ಬಿಟ್ಟರೆ ಒಣಗು ಮರಳುತ್ತದೆ, ಏಕೆಂದರೆ ದೇಹದ ಈಸ್ಟ್ರೊಜೆನ್ ಮರಳುವುದಿಲ್ಲ. ಕೂಡುವ ಮುಂಚೆ ಜಾರಿಕೆಗೆ ಇದನ್ನು ಹಚ್ಚಬಾರದು, ಅದಕ್ಕೆ ನೀರಿನಾಧಾರದ ಜೆಲ್ ಬೇರೆ ಇದೆ. ತೆಂಗಿನೆಣ್ಣೆ ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ಡೆಟಾಲ್, ಪರಿಮಳದ ವಾಶ್‌ಗಳಂತೂ ಉರಿಗೆ ಉಪ್ಪು ಸವರಿದ ಹಾಗೆ.

ಪೆಟ್ಟಿಗೆಯೊಳಗಿನ ಎಚ್ಚರಿಕೆ ಓದಿ ಹೆದರಿ ಎಸೆಯುವವರೂ ಇದ್ದಾರೆ. ಆ ಹೆದರಿಕೆಯ ಬಹುಪಾಲು 2002ರಲ್ಲಿ ಪ್ರಕಟವಾದ ಅಮೆರಿಕದ ಡಬ್ಲ್ಯುಎಚ್‌ಐ (ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್) ಎಂಬ ಹಾರ್ಮೋನ್ ಚಿಕಿತ್ಸೆಯ ಅಧ್ಯಯನದ್ದು. ಅಲ್ಲಿ ಕೊಟ್ಟದ್ದು ಬಾಯಲ್ಲಿ ನುಂಗುವ ಮಾತ್ರೆ. ಯೋನಿಯಲ್ಲಿಡುವ ಕಡಿಮೆ ಅಳತೆಯಲ್ಲಿ ರಕ್ತಕ್ಕೆ ಸೇರುವುದು ಬಲು ಸ್ವಲ್ಪ, ಜೊತೆಗೆ ಗರ್ಭಕೋಶದ ಒಳಪದರ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಾಗೆಂದು ಅಳತೆ ಮೀರಿ ತುಂಬಿದರೆ ಗರ್ಭಕೋಶದ ಒಳಪದರ ಬೆಳೆಯುವ ಅಪಾಯವಿದೆ.

ಎಲ್ಲ ತುರಿಕೆಯೂ ಒಣಗಿದ್ದರಿಂದಲೇ ಅಲ್ಲ. ಸಕ್ಕರೆ ಕಾಯಿಲೆಯವರಿಗೆ ಫಂಗಸ್ ಇರಬಹುದು. ಹೊರಚರ್ಮ ಬೆಳ್ಳಗಾಗಿ ತುರಿಸಿದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇದ್ದೀತು, ಅದಕ್ಕೆ ಸ್ಟಿರಾಯ್ಡ್ ಮುಲಾಮೇ ಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ತಪಾಸಣೆ, ಆಮೇಲೆ ಕ್ರೀಮ್. ಸ್ತನ ಕ್ಯಾನ್ಸರ್ ಆಗಿದ್ದವರು, ಅದರಲ್ಲೂ ಲೆಟ್ರೊಜೋಲ್‌ನಂಥ ಮಾತ್ರೆಯಲ್ಲಿರುವವರು, ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಟ್ಟಬಾರದು: ಈಸ್ಟ್ರೊಜೆನ್ ತಗ್ಗಿಸುವುದೇ ಆ ಮಾತ್ರೆಯ ಕೆಲಸ.