ಮೊನಾರ್ಕ್ ಚಿಟ್ಟೆ ನೋಡೋಕೆ ಯಾವ ವಾರ ಬರಬೇಕು?

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಟೊರಾಂಟೊ ಕಡೆಯ ಕನ್ನಡದ ಗೆಳೆಯರು ಫೋನ್ ಮಾಡುತ್ತಾರೆ. "ಪಾಯಿಂಟ್ ಪೀಲಿಗೆ ಯಾವ ವಾರ ಹೋದರೆ ಚಿಟ್ಟೆಗಳ ಗುಂಪು ಕಾಣುತ್ತೆ? ತಾರೀಖು ಹೇಳಿ, ರಜೆ ಹಾಕ್ತೀವಿ."

ತಾರೀಖು ನೋಡಬೇಡಿ, ಗಾಳಿ ನೋಡಿ. ಇದೇ ನನ್ನ ಉತ್ತರ.

ಈರಿ ಸರೋವರದೊಳಕ್ಕೆ ಚೂಪಾಗಿ ಚಾಚಿದ ನೆಲ ಪಾಯಿಂಟ್ ಪೀಲಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಮೆಕ್ಸಿಕೊ ಕಡೆ ಹೊರಟ ಮೊನಾರ್ಕ್‌ಗಳು ಇಲ್ಲಿ ಬಂದು ಸೇರುತ್ತವೆ. ಮುಂದೆ ಬರೀ ನೀರು. ಅವು ಹಾರುವುದು ಹಗಲಲ್ಲಿ ಮಾತ್ರ. ದಕ್ಷಿಣದ ಗಾಳಿ ಎದುರಿಗೆ ಬೀಸಿದರೆ, ಇಲ್ಲವೇ ಚಳಿ ಜಾಸ್ತಿಯಾದರೆ, ದಾಟದೆ ಮರಗಳಲ್ಲೇ ತಂಗುತ್ತವೆ. ಉತ್ತರದ ಗಾಳಿ ಬೆನ್ನಿಗೆ ಸಿಕ್ಕರೆ ಬೆಳಿಗ್ಗೆಯೇ ಹೊರಟುಬಿಡುತ್ತವೆ. ನಿನ್ನೆ ಕಿಕ್ಕಿರಿದಿದ್ದ ಮರ ಇವತ್ತು ಖಾಲಿ.

ಕಳೆದ ವರ್ಷ ಸಂಜೆ ಮಗಳ ಜೊತೆ ಒಂದು ಸೀಡರ್ ಮರದ ಕೆಳಗೆ ನಿಂತಿದ್ದೆ. ಕೊಂಬೆಗೆ ತರಗೆಲೆ ಜೋತುಬಿದ್ದಿದೆ ಅಂದುಕೊಂಡೆವು. ರೆಕ್ಕೆ ಮಡಚಿದರೆ ಇವುಗಳ ಬಣ್ಣ ಅಷ್ಟು ಮಂಕು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಚಿಟ್ಟೆ ಬಂದು ಅವುಗಳ ನಡುವೆ ಇಳಿಯಿತು. ಅಕ್ಕಪಕ್ಕದವು ಪಟ್ಟನೆ ರೆಕ್ಕೆ ತೆರೆದು ಮುಚ್ಚಿದವು. ಕೊಂಬೆಯ ಉದ್ದಕ್ಕೂ ಕಿತ್ತಳೆ ಬಣ್ಣ ಹರಿದು ಹೋಯಿತು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ಆ ಮರದಲ್ಲಿದ್ದ ಒಂದು ಚಿಟ್ಟೆಯೂ ಮೆಕ್ಸಿಕೊ ನೋಡಿದ್ದಲ್ಲ. ಅಲ್ಲಿಂದ ವಸಂತದಲ್ಲಿ ಹೊರಟವು ದಾರಿಯಲ್ಲೇ ಮೊಟ್ಟೆಯಿಟ್ಟು ಸತ್ತವು. ಇವು ಅವುಗಳ ಮೊಮ್ಮಕ್ಕಳು, ಮರಿಮಕ್ಕಳು. ಬೇಸಿಗೆಯ ಮೊನಾರ್ಕ್ ಬದುಕುವುದು ಕೆಲವೇ ವಾರ, ಇವು ಸುಮಾರು 8 ತಿಂಗಳು. ಸಾವಿರಾರು ಕಿಲೋಮೀಟರ್ ಹಾರಿ, ಸುಮಾರು 3,000 ಮೀಟರ್ ಎತ್ತರದ ಬೆಟ್ಟದ ಕಾಡಿನಲ್ಲಿ ಚಳಿಗಾಲ ಕಳೆಯುತ್ತವೆ.

ಅಂದ ಹಾಗೆ, ಇವುಗಳ ಹುಳ ತಿನ್ನುವ ಮಿಲ್ಕ್‌ವೀಡ್ ನಮ್ಮೂರ ಎಕ್ಕದ ಗಿಡಕ್ಕೆ ನೆಂಟ. ಎಲೆ ಮುರಿದರೆ ಅದೇ ಬಿಳಿ ಹಾಲು.

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ತುದಿಗೆ ತಲುಪಿ. ಗಾಳಿಗೆ ಮರೆಯಾದ ಕೊಂಬೆಗಳನ್ನು ನೋಡಿ. ದಯವಿಟ್ಟು ಕೊಂಬೆ ಅಲುಗಿಸಬೇಡಿ, ಚಳಿಯಲ್ಲಿ ಬಿದ್ದ ಚಿಟ್ಟೆ ಮೈ ಬೆಚ್ಚಗಾಗುವವರೆಗೆ ಹಾರಲಾರದು. ಸಂಜೆ ತಪ್ಪಿದರೆ ಬೆಳಿಗ್ಗೆ ಬಿಸಿಲು ತಾಗುವವರೆಗೆ ಕಾಯಿರಿ. ರೆಕ್ಕೆ ಅರಳಿಸಿ ಮೈ ಕಾಯಿಸಿಕೊಂಡು ಒಂದೊಂದಾಗಿ ಏಳುತ್ತವೆ.

ಹವಾಮಾನ ವರದಿಯಲ್ಲಿ ದಕ್ಷಿಣದ ಗಾಳಿ ಅಂತ ಕಂಡ ದಿನ ನನಗೂ ಒಂದು ಫೋನ್ ಮಾಡಿ. ಮಗಳು ಈಗಲೇ ಕೇಳ್ತಿದ್ದಾಳೆ.