ಕ್ರಿಸ್‌ಮಸ್ ಟೀವಿ ಸಿನಿಮಾದ ಅಚ್ಚು, ಧಾರವಾಡದ ಕರ್ಚಿಕಾಯಿ

ಡಿಸೆಂಬರ್ ಬಂತೆಂದರೆ ಓಟಿಟಿಯಲ್ಲಿ ಸಾಲುಗಟ್ಟುವ ಅಮೆರಿಕದ ಕ್ರಿಸ್‌ಮಸ್ ಪ್ರೇಮಕಥೆಗಳಲ್ಲಿ ನಾಲ್ಕು ನೋಡಿದವರಿಗೆ ಐದನೆಯದು ಮೊದಲೇ ಗೊತ್ತು. ದೊಡ್ಡ ಶಹರದಲ್ಲಿ ದುಡಿಯುವ ಹುಡುಗಿ ಹಬ್ಬಕ್ಕೆ ಹುಟ್ಟೂರಿಗೆ ಬರುತ್ತಾಳೆ. ಮುಚ್ಚಲಿರುವ ಬೇಕರಿಯನ್ನೋ ಲಾಡ್ಜನ್ನೋ ಉಳಿಸಿಕೊಳ್ಳಲು ಒದ್ದಾಡುವ ಹುಡುಗ ಅಲ್ಲಿ ಸಿಗುತ್ತಾನೆ. ಕೊನೆಯ ಎರಡು ನಿಮಿಷದಲ್ಲಿ ಹಿಮ, ಒಂದು ಮುತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವ ಮಕ್ಕಳಿರುವ ನಮ್ಮ ಕಡೆಗೆ ಈ ಕಥೆ ಹೊರಗಿನದಲ್ಲ. ಸ್ವಿಟ್ಜರ್‌ಲೆಂಡಿನಿಂದ ಬಂದ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ ಕಾಲದಿಂದ ಕ್ರಿಸ್‌ಮಸ್ ಕಂಡ ಧಾರವಾಡ, ಬೆಟಗೇರಿಗಳಿಗೆ ಹಬ್ಬವೂ ಹೊಸದಲ್ಲ. ಇಲ್ಲೇ ಅಂಥದೊಂದು ಅರ್ಧ ತಾಸಿನ ಚಿತ್ರ ಮಾಡುವವರು ಆ ಅಚ್ಚು ಯಾಕೆ ಹಾಗಿದೆ ಅನ್ನುವುದನ್ನು ಮೊದಲು ನೋಡಬೇಕು.

ಮೊದಲ ಕಾರಣ ಜಾಹೀರಾತು. 2009ರಿಂದ ಇಂಥ ಚಿತ್ರಗಳನ್ನೇ ಹಬ್ಬದ ಸರಣಿಯಾಗಿ ತೋರಿಸುತ್ತ ಬಂದಿರುವ ಅಮೆರಿಕದ ಹಾಲ್‌ಮಾರ್ಕ್ ಟೀವಿ ಚಾನೆಲ್ಲಿನಲ್ಲಿ ಒಂದು ಚಿತ್ರಕ್ಕೆ ಎರಡು ತಾಸು ಮೀಸಲು. ಅದರಲ್ಲಿ ಕಥೆಗೆ ಸಿಗುವುದು ಸುಮಾರು 84 ನಿಮಿಷ. ಆ ಕಥೆಯನ್ನು ಒಂಬತ್ತು ತುಂಡು ಮಾಡುತ್ತಾರೆ. ಮೊದಲ ತುಂಡೇ ಉದ್ದ, ಹದಿನೈದು ಇಪ್ಪತ್ತು ನಿಮಿಷದ್ದು, ಏಕೆಂದರೆ ನೋಡುವವರು ಕೂತು ಬಿಟ್ಟ ಮೇಲೆಯೇ ಜಾಹೀರಾತು ಬರಬೇಕು. ಪ್ರತಿ ತುಂಡಿನ ತುದಿಗೂ ಒಂದು ಕೊಕ್ಕೆ ಬೇಕು. ಮುತ್ತಿನ ಹತ್ತಿರ ಬಂದಾಗಲೆಲ್ಲ ಫೋನು ಬಾರಿಸುವುದು, ಮಗು ಓಡಿ ಬರುವುದು ಇದರಿಂದಲೇ. ಯೂಟ್ಯೂಬಿಗೆ ಮಾಡುವ ಚಿತ್ರಕ್ಕೆ ಒಂಬತ್ತು ತುಂಡು ಬೇಡ, ನಾಲ್ಕು ಸಾಕು. ಅಡ್ಡಿಯೂ ಒಂದೇ ಇರಲಿ.

ಎರಡನೆಯ ಕಾರಣ ಖರ್ಚು. ಶೂಟಿಂಗ್ ಮೂರು ವಾರದೊಳಗೆ ಮುಗಿಯಬೇಕು. ಬಹಳಷ್ಟು ಚಿತ್ರಗಳು ಕೆನಡಾದಲ್ಲಿ, ಅದೂ ಬೇಸಿಗೆಯಲ್ಲಿ ತಯಾರಾಗುತ್ತವೆ. ನೆಲಕ್ಕೆ ಬಿಳಿ ಹಾಸು ಹಾಸಿ, ಅದರ ಮೇಲೆ ಕಾಗದದ ಚೂರನ್ನೋ ಪುಡಿ ಮಾಡಿದ ಐಸನ್ನೋ ಹರಡುತ್ತಾರೆ. ಬೀಳುವ ಹಿಮ ಯಂತ್ರದ ನೊರೆ. ಮರದ ಎಲೆ ಹಸಿರಾಗಿರುತ್ತದೆ, ಅದಕ್ಕೇ ರಾತ್ರಿ ದೃಶ್ಯ ಹೆಚ್ಚು, ಫ್ರೇಮು ಬಿಗಿ. ಉಣ್ಣೆ ಕೋಟು ತೊಟ್ಟವರ ಬಾಯಲ್ಲಿ ಉಸಿರಿನ ಹಬೆ ಕಾಣದಿದ್ದರೆ ಬಿಸಿಲಲ್ಲಿ ನಿಂತಿದ್ದಾರೆ ಎಂದೇ ತಿಳಿಯಬಹುದು. ಕಾಫಿ ಕಪ್ಪಿನದೂ ಇದೇ ಗತಿ: ಖಾಲಿ ಕಪ್ಪು ಕೈಯಲ್ಲಿ ಹಗುರಾಗಿ ತೂಗಾಡಿ ಸುಳ್ಳನ್ನು ಬಯಲು ಮಾಡುತ್ತದೆ. ಮುಕ್ಕಾಲು ನೀರು ತುಂಬಿ ಕೊಡಿ.

ಧಾರವಾಡದ ಚಿತ್ರಕ್ಕೆ ಹಿಮ ತರಲೇಬೇಡಿ. ಕಿಟಕಿಗೆ ತೂಗುಬಿಟ್ಟ ಕಾಗದದ ನಕ್ಷತ್ರ ಒಂದಿದ್ದರೆ ಹಬ್ಬ ಬಂತು. ಒಳಗೆ ಹಳದಿ ಬಲ್ಬು ಹಾಕಿ, ಸಂಜೆ ಬೆಳಕು ಪೂರ್ತಿ ಆರುವ ಮೊದಲಿನ ಇಪ್ಪತ್ತು ನಿಮಿಷದಲ್ಲಿ ಹಿಡಿಯಿರಿ. ಆಮೇಲೆ ಆಕಾಶ ಕಪ್ಪಾಗಿ ನಕ್ಷತ್ರ ಮಾತ್ರ ಉರಿಯುತ್ತದೆ, ಓಣಿ ಕಾಣುವುದಿಲ್ಲ.

ಆ ಚಿತ್ರಗಳಲ್ಲಿ ತಪ್ಪದೆ ಬರುವ ಕುಕೀ ಮಾಡುವ ದೃಶ್ಯ ನನ್ನ ಮಟ್ಟಿಗೆ ಇಡೀ ಅಚ್ಚಿನ ಜೀವ. ಕೈಗೆ ಕೆಲಸ ಇದ್ದಾಗ ಇಬ್ಬರೂ ಮುಖ ನೋಡದೆ ನಿಜ ಮಾತಾಡಬಹುದು. ನಮ್ಮಲ್ಲಿ ಅದು ಕರ್ಚಿಕಾಯಿ: ಒಬ್ಬರು ಲಟ್ಟಿಸುವುದು, ಒಬ್ಬರು ಹೂರಣ ತುಂಬಿ ಅಂಚು ಒತ್ತುವುದು. ಕೊಬ್ಬರಿ, ಪುಟಾಣಿ ಹಿಟ್ಟು, ಸಕ್ಕರಿ, ಗಸಗಸಿ. ಒಂದೂವರೆ ಚಮಚಕ್ಕಿಂತ ಹೆಚ್ಚು ತುಂಬಿದರೆ ಅಂಚು ಬಿಟ್ಟು ಎಣ್ಣೆಯಲ್ಲಿ ಒಡೆಯುತ್ತದೆ, ಹೂರಣ ಸುಟ್ಟು ಮುಂದಿನ ಘಾಣವೂ ಕಪ್ಪಾಗುತ್ತದೆ. ಟೇಕಿಗೆ ಹತ್ತರಂತೆ ಮೂವತ್ತು ಹಸಿ ಕರ್ಚಿಕಾಯಿ ಮೊದಲೇ ಮಾಡಿ, ಒಣಗದಂತೆ ಒದ್ದೆ ಅರಿವೆ ಮುಚ್ಚಿಡಿ. ಮಾತು ನಡೆಯುವಾಗ ಒಲೆ ಆರಿರಲಿ. ಕರಿಯುವ ಸಪ್ಪಳ ಮಾತನ್ನು ನುಂಗುತ್ತದೆ, ಅದನ್ನು ಬೇರೆ ಹಿಡಿದು ಕೂಡಿಸಿ.

“ಯಾವಾಗ ಹೋಗಾಕಿ?”
“ಇಪ್ಪತ್ತೇಳಕ್ಕ ಟಿಕೆಟ್ ಐತಿ.”
“ಹಂಗಾರ ಇವು ಬಾಳ ಆದೂವು.”

ಇಷ್ಟೇ ಮಾತು ಸಾಕು. ಇದಕ್ಕಿಂತ ಉದ್ದ ಬರೆದರೆ ಕೈ ನಿಲ್ಲುತ್ತದೆ.

ಅಚ್ಚು ಮುರಿಯುವುದು ಚಿತ್ರ ಮುಕ್ಕಾಲು ಮುಗಿದಾಗ ಬರುವ ಜಗಳದಲ್ಲಿ. ಅರ್ಧ ಕೇಳಿಸಿಕೊಂಡ ಫೋನ್ ಮಾತಿನಿಂದ ಮುನಿಸಿಕೊಂಡು ಹೋಗುವ ನಾಯಕಿಯನ್ನು ಯಾರೂ ನಂಬುವುದಿಲ್ಲ. ಒಂದೇ ಫೋನಿನಲ್ಲಿ ತಿಳಿಯಾಗುವ ಜಗಳವಾದರೆ ತೆಗೆದುಹಾಕಿ. ಇಬ್ಬರ ಮಾತೂ ಸರಿ ಇರಬೇಕು: ಅವಳಿಗೆ ಜನವರಿ ಮೊದಲ ವಾರ ಕೆಲಸಕ್ಕೆ ಹಾಜರಾಗಲೇಬೇಕು, ಅವನಿಗೆ ಅಪ್ಪನ ಬೇಕರಿ ಬಿಟ್ಟು ಹೋಗಲಾಗದು. ಆಗ ಅವಳು ಟಿಕೆಟ್ ರದ್ದು ಮಾಡುವುದಕ್ಕೆ ಬೆಲೆ ಬರುತ್ತದೆ.

ಕೊನೆಯಲ್ಲಿ ಮುತ್ತು ಬೇಕಿಲ್ಲ. ರಾತ್ರಿ ಮನೆಮನೆಗೆ ಬರುವ ಕ್ಯಾರಲ್ಸ್ ತಂಡ ಗೇಟಿನಲ್ಲಿ ನಿಂತಿರಲಿ, ಎಂಟು ಮಂದಿ ಸಾಕು. ಹಾಡನ್ನು ಮೊದಲೇ ರೆಕಾರ್ಡ್ ಮಾಡಿಕೊಳ್ಳಿ, ಶೂಟಿಂಗಿನಲ್ಲಿ ಅವರು ಬಾಯಿ ಮಾತ್ರ ಆಡಿಸಲಿ. ಇಲ್ಲದಿದ್ದರೆ ಒಂದು ಟೇಕಿನ ರಾಗ ಇನ್ನೊಂದಕ್ಕೆ ಕೂಡುವುದಿಲ್ಲ. ಅವಳು ಡಬ್ಬಿ ಹಿಡಿದು ಹೊರಗೆ ಬಂದು ಎಲ್ಲರಿಗೂ ಹಂಚಿ, ಕೊನೆಯದನ್ನು ಮುರಿದು ಅರ್ಧ ಅವನಿಗೆ ಕೊಡಲಿ. ಈ ಶಾಟಿಗೆ ಕರಿದ ದಿನದ ಕರ್ಚಿಕಾಯಿಯನ್ನೇ ಇಟ್ಟುಕೊಳ್ಳಿ. ಮೆತ್ತಗಾದದ್ದು ಸಪ್ಪಳ ಮಾಡುವುದಿಲ್ಲ.